ಅರ್ಧ ಮದ್ದು ಗಾಳಿಯಲ್ಲೇ ಇದೆ!

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ. ಮೇಜು ಕುರ್ಚಿ ಮಂಚ ಎಲ್ಲವನ್ನೂ ಹೊರಗೆ ಸಾಗಿಸಿ ಬರಿದು ಮಾಡಿದ್ದೀರಿ. ಈಗ ಒಳಗೆ ಏನಿದೆ? ಏನೂ ಇಲ್ಲ ಎನ್ನುತ್ತೀರಿ. ತಪ್ಪು! ಪುಣೆಯ ಎತ್ತರದಲ್ಲಿ, ಸಾಧಾರಣ ಹವೆಯಲ್ಲಿ, ಆ ಬರಿಯ ಕೋಣೆಯೊಳಗೆ ಸುಮಾರು 31 ಕಿಲೋ ಗಾಳಿ ಇದೆ. ಅದರಲ್ಲಿ 7 ಕಿಲೋಗೂ ಮಿಕ್ಕಿ ಆಮ್ಲಜನಕ. ಏಳು ಕಿಲೋ! ಯಾರೂ ಹೊತ್ತು ತರಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ, ಕಣ್ಣಿಗೂ ಕಾಣದು. ಈ ಲೆಕ್ಕ ಹಾಕಿದ ದಿನದಿಂದ ನನಗೆ ಖಾಲಿ ಕೋಣೆ ಎಂಬುದೇ ಇಲ್ಲವಾಗಿದೆ. ಯಾಕೆಂದರೆ ಈ ಪುಕ್ಕಟೆ ಆಮ್ಲಜನಕವನ್ನೇ ಅರ್ಧ ಮದ್ದಾಗಿ ಬಳಸಿಕೊಳ್ಳುವ ಆಯುಧವೊಂದು ಜಗತ್ತಿನಲ್ಲಿದೆ. ಒಬ್ಬ ಸಿಪಾಯಿ ಅದನ್ನು ಹೆಗಲ ಮೇಲಿಟ್ಟು ಹೊಡೆಯಬಲ್ಲ. ಅದರ ವಿದ್ಯೆಯನ್ನು ಅರೆದು ಕುಡಿದವರು, ನಾವು ಪಿಂಚಣಿದಾರರ ಊರು ಎಂದು ತಮಾಷೆ ಮಾಡುವ ಈ ಪುಣೆಯಲ್ಲೇ ಇದ್ದಾರೆ!

ಡಾ. ಹೋಮಿ ಭಾಭಾ ರಸ್ತೆ ಹಿಡಿದು ಪಾಷಾಣ್ ಕಡೆಗೆ ಒಮ್ಮೆ ಹೋಗಿ ನೋಡಿ. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇದೇ ರಸ್ತೆಯಲ್ಲಿದೆ. 1950ರಲ್ಲಿ ನೆಹರೂ ಉದ್ಘಾಟಿಸಿದ್ದು. ಮಾನ್ಸೂನ್ ಗಾಳಿಯ ಜಾತಕ ಬರೆಯುವ ಉಷ್ಣವಲಯ ಹವಾಮಾನ ಸಂಸ್ಥೆಯೂ ಇದೇ ರಸ್ತೆಯಲ್ಲಿ. ಪಾಷಾಣ್‌ನಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಶಸ್ತ್ರಾಸ್ತ್ರ ಪ್ರಯೋಗಾಲಯ ಎಆರ್‌ಡಿಇ. 1958ರದ್ದು, ಇನ್ಸಾಸ್ ರೈಫಲ್ಲಿನ, ಪಿನಾಕ ರಾಕೆಟ್ಟಿನ ತವರು. ಇನ್ನಷ್ಟು ಮುಂದೆ ಸುತಾರವಾಡಿಯಲ್ಲಿ ಎಚ್‌ಇಎಂಆರ್‌ಎಲ್, ಅಂದರೆ ಮದ್ದುಗಳ ಮನೆ. ರಾಸಾಯನಿಕ, ಗಾಳಿ, ಕೋವಿ, ಬೆಂಕಿ. ಈ ನಾಲ್ಕೂ ಅಕ್ಕಪಕ್ಕದಲ್ಲಿ! ಯಾರೂ ಬೇಕೆಂದು ಹೀಗೆ ಜೋಡಿಸಿದ್ದಲ್ಲ. ಆದರೂ ಎತ್ತರದ ಕಾಂಪೌಂಡು, ಫೋಟೋ ತೆಗೆಯಬೇಡಿ ಎಂಬ ಫಲಕ, ಗೇಟಿನ ಕಾವಲಿನವ ಇವನ್ನೆಲ್ಲ ದಾಟಿ ಸಿಟಿ ಬಸ್ಸು ಸಾಗುವಾಗ ಮೈ ಜುಮ್ಮೆನ್ನುತ್ತದೆ. ಈ ಗೋಡೆಗಳ ಆಚೆ ದುಡಿದು ನಿವೃತ್ತರಾದ ಕನ್ನಡಿಗರು ಪುಣೆಯಲ್ಲಿ ಸಾಕಷ್ಟು ಮಂದಿ ಸಿಗುತ್ತಾರೆ. ಏನು ಮಾಡುತ್ತಿದ್ದಿರಿ ಸಾರ್ ಎಂದರೆ “ಪಾಷಾಣ್‌ನಲ್ಲಿ ಇದ್ದೆ” ಎಂದಷ್ಟೇ ಹೇಳಿ ಮಳೆಯ ವಿಷಯಕ್ಕೆ ಹೊರಳುತ್ತಾರೆ.

ಸರಿ, ಅವರು ಹೇಳದಿದ್ದರೆ ಬೇಡ. ಈ ಆಯುಧದ ಒಳಗುಟ್ಟು ಪಠ್ಯಪುಸ್ತಕದಲ್ಲೇ ಇದೆ. ಆ ಗುಟ್ಟು ಒಂದೇ ಪ್ರಶ್ನೆಯಲ್ಲಿ ಅಡಗಿದೆ: ಉರಿಯಲು ಬೇಕಾದ ಆಮ್ಲಜನಕವನ್ನು ಹೊತ್ತು ತರುವವರು ಯಾರು?

ಇದು ಅರ್ಥವಾಗಲು ಪುಣೆ ಬಿಟ್ಟು ನಮ್ಮ ಮಲೆನಾಡಿಗೆ ಬರಬೇಕು. ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು, ನಗರ. ಹಿಂದಿನ ಬಿದನೂರು. ಅಲ್ಲೊಂದು ಪಾಳುಬಾವಿ. 2002ರಲ್ಲಿ ಅದರ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದವು. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಮತ್ತೆ ಅಗೆದರು. ಕೆಸರಿಗೆ ಮದ್ದಿನ ವಾಸನೆ! ಇನ್ನೂರು ಚಿಲ್ಲರೆ ವರ್ಷ ನೀರು ಮಣ್ಣಿನಲ್ಲಿ ಹೂತಿದ್ದ ಬಾವಿಯ ಕೆಸರು ಕೋವಿಮದ್ದಿನ ವಾಸನೆ ಹೊಡೆಯುತ್ತಿತ್ತು. ಒಂದಾದ ಮೇಲೆ ಒಂದು ಮೇಲಕ್ಕೆ ಬಂದವು. ಹತ್ತಲ್ಲ, ನೂರಲ್ಲ, ಸಾವಿರಕ್ಕೂ ಹೆಚ್ಚು. ಹೈದರಾಲಿ, ಟಿಪ್ಪುವಿನ ಕಾಲದ ರಾಕೆಟ್‌ಗಳು! ಇವತ್ತು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಎದುರು ನಿಂತರೆ ತೀರ ಸಾಮಾನ್ಯ ಎನಿಸುತ್ತವೆ. ಗೇಣುದ್ದಕ್ಕಿಂತ ತುಸು ಮಿಕ್ಕ ಕಬ್ಬಿಣದ ಉರುಟು ಕೊಳವೆ, ಮೈಯೆಲ್ಲ ತುಕ್ಕಿನ ಹಕ್ಕಳೆ. ಇದನ್ನು ಬಿದಿರಿಗೆ ಕಟ್ಟಿ, ಬತ್ತಿಗೆ ಕಿಡಿ ಮುಟ್ಟಿಸಿ ಬಿಟ್ಟರೆ ಎದುರಾಳಿಯ ಕುದುರೆ ದಂಡು ದಿಕ್ಕಾಪಾಲು. 1780ರ ಸೆಪ್ಟೆಂಬರ್ 10, ಪೊಲ್ಲಿಲೂರು. ಕರ್ನಲ್ ಬೇಲಿಯ ಪಡೆಯ ಮದ್ದಿನ ಬಂಡಿಗಳು ಸಿಡಿದು ಈಸ್ಟ್ ಇಂಡಿಯಾ ಕಂಪನಿ ಅದುವರೆಗೆ ಕಾಣದ ಸೋಲುಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ಕೊಳವೆಗಳು ಹಡಗು ಹತ್ತಿ ಲಂಡನ್ನಿನ ವೂಲಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಬಿಚ್ಚಿ, ಅಳೆದು, ತನ್ನದೊಂದು ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಉರಿಯಿತು. ಬಿದನೂರಿನ ಬಾವಿಗೂ ಡೆನ್ಮಾರ್ಕಿನ ಬೆಂಕಿಗೂ ನಂಟು!

ಈಗ ಆ ಕೊಳವೆಯ ಒಳಗೇನಿತ್ತು ನೋಡಿ. ಪೆಟ್ಲುಪ್ಪು, ಇದ್ದಿಲು, ಗಂಧಕ. ಕರಿಮದ್ದಿನ ಹಳೆಯ ಪಾಕದಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಪೆಟ್ಲುಪ್ಪು ತಾನಾಗಿ ಉರಿಯುವ ಸರಕಲ್ಲ. ಅದರ ತೂಕದ ಹೆಚ್ಚುಕಡಿಮೆ ಅರ್ಧ ಭಾಗ ಆಮ್ಲಜನಕ, ಅದಕ್ಕಾಗಿಯೇ ಅದು ಬೇಕು. ಉರಿಯುವ ಇದ್ದಿಲು ಇಷ್ಟೇ ಇಷ್ಟು, ಅದಕ್ಕೆ ಉಸಿರು ಕೊಡುವ ಉಪ್ಪು ಅಷ್ಟೊಂದು! ಮೈಸೂರಿನ ಸಿಪಾಯಿ ಹೊತ್ತ ಮದ್ದಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಬೆಂಕಿಯ ಉಸಿರಿನ ಭಾರ. ಟಿಎನ್‌ಟಿ ಎಂಬ ಸ್ಫೋಟಕದ ಕಥೆಯೂ ಅದೇ ಜಾತಿಯದು. ಅದರ ಅಣುವಿನೊಳಗೇ ಆಮ್ಲಜನಕ ಪೋಣಿಸಿಕೊಂಡಿದೆ, ಆದ್ದರಿಂದ ಯಾರನ್ನೂ ಕೇಳದೆ, ಕಾಯದೆ, ಸೆಕೆಂಡಿಗೆ ಏಳು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಸಿಡಿದುಬಿಡುತ್ತದೆ.

ಇಲ್ಲಿ ಒಂದು ಅಚ್ಚರಿ. ಒಂದು ಗ್ರಾಂ ಟಿಎನ್‌ಟಿ ಬಿಡುಗಡೆ ಮಾಡುವ ಶಕ್ತಿ ಎಷ್ಟು? ಸುಮಾರು 1 ಕಿಲೋಕ್ಯಾಲೊರಿ. ಒಂದು ಗ್ರಾಂ ತುಪ್ಪ? 9 ಕಿಲೋಕ್ಯಾಲೊರಿ! ಹೋಳಿಗೆಯ ಮೇಲೆ ಸುರಿದುಕೊಳ್ಳುವ ಒಂದು ಚಮಚ ತುಪ್ಪದಲ್ಲಿ ಅಷ್ಟೇ ತೂಕದ ಟಿಎನ್‌ಟಿಗಿಂತ ಒಂಬತ್ತು ಪಟ್ಟು ಶಕ್ತಿ ಕೂತಿದೆ. ಟಿಎನ್‌ಟಿಯ ಭಯಂಕರತನ ಶಕ್ತಿಯಲ್ಲಿ ಇಲ್ಲ, ಅವಸರದಲ್ಲಿದೆ. ತುಪ್ಪಕ್ಕೆ ಇಷ್ಟು ಶಕ್ತಿ ಯಾಕೆ ಎಂದರೆ ಅದು ಆಮ್ಲಜನಕವನ್ನು ಹೊತ್ತಿಲ್ಲ, ಗಾಳಿಯಿಂದ ಸಾಲ ತರುತ್ತದೆ. ಅಲ್ಯೂಮಿನಿಯಂ ಪುಡಿಯೂ ಹಾಗೆಯೇ, ಗ್ರಾಂಗೆ 7 ಕಿಲೋಕ್ಯಾಲೊರಿಗೂ ಹೆಚ್ಚು. ಹಾಗಾದರೆ ಇಂಥ ಇಂಧನವನ್ನು ಟಿಎನ್‌ಟಿಯ ಅವಸರದಲ್ಲಿ ಉರಿಸಿದರೆ? ಆಮ್ಲಜನಕದ ಮೂಟೆಯನ್ನು ಮನೆಯಲ್ಲೇ ಬಿಟ್ಟು, ಬರೀ ಇಂಧನ ಹೊತ್ತುಕೊಂಡು ಹೋಗಿ, ಉಳಿದದ್ದನ್ನು ಶತ್ರುವಿನ ಕೋಣೆಯ ಗಾಳಿಯಿಂದಲೇ ಕಸಿದುಕೊಂಡರೆ?

ಥರ್ಮೋಬ್ಯಾರಿಕ್ ಎಂದರೆ ಇದೇ. ಇಷ್ಟೇ!

ಪ್ರಕೃತಿ ಈ ಪಾಠವನ್ನು ಮನುಷ್ಯನಿಗೆ ಬಹಳ ಹಿಂದೆಯೇ ಕಲಿಸಿತ್ತು, ಅದೂ ಹಿಟ್ಟಿನ ಅಂಗಡಿಯಲ್ಲಿ. 1785ರ ಡಿಸೆಂಬರ್ 14ರಂದು ಇಟಲಿಯ ಟುರಿನ್‌ನಲ್ಲಿ ಒಬ್ಬ ರೊಟ್ಟಿ ಮಾಡುವವನ ಉಗ್ರಾಣದಲ್ಲಿ ಹುಡುಗನೊಬ್ಬ ಗೋಧಿಹಿಟ್ಟು ಎಳೆಯುತ್ತಿದ್ದ, ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ಹಿಟ್ಟಿನ ದೂಳು ಗಾಳಿಗೆದ್ದು ದೀಪ ತಾಗಿದ್ದೇ ತಡ, ಢಂ! ಕೌಂಟ್ ಮೊರೋತ್ಸೊ ಎಂಬಾತ ಅದನ್ನು ಬರೆದಿಟ್ಟ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಷ್‌ಬರ್ನ್ ಹಿಟ್ಟಿನ ಗಿರಣಿ ಹೀಗೆಯೇ ಹಾರಿಹೋಗಿ 18 ಜನ ಸತ್ತರು. ಚೀಲದಲ್ಲಿದ್ದಾಗ ಹಿಟ್ಟಿಗೆ ಬೆಂಕಿ ಹಚ್ಚಲು ಹೆಣಗಬೇಕು. ಅದೇ ಹಿಟ್ಟು ಗಾಳಿಯಲ್ಲಿ ತೇಲಿದರೆ ಕಣಕಣದ ಸುತ್ತಲೂ ಆಮ್ಲಜನಕ, ನಾಲ್ಕು ಗೋಡೆಯ ನಡುವೆ ಒತ್ತಡ ಹೋಗಲು ದಾರಿಯಿಲ್ಲ. ಗಣಿಗಳಲ್ಲಿ ಕಲ್ಲಿದ್ದಲ ದೂಳು ಮಾಡಿದ ಅನಾಹುತಗಳಿಗಂತೂ ಲೆಕ್ಕವಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಇದೇ ಕಲ್ಲಿದ್ದಲ ದೂಳಿನ ಮೇಲೆ ಕಣ್ಣು ಹಾಕಿದರು. ವಿಯೆಟ್ನಾಂನಲ್ಲಿ ಅಮೆರಿಕನ್ನರು ಇಂಧನದ ಮೋಡ ಎಬ್ಬಿಸಿ ಕಿಡಿ ಹೊತ್ತಿಸುವ ದೊಡ್ಡ ದೊಡ್ಡ ಬಾಂಬುಗಳನ್ನು ಆಕಾಶದಿಂದ ಇಳಿಸಿದರು.

ಮೋಡ ಎಬ್ಬಿಸುವುದು ತಾಪತ್ರಯದ ಕೆಲಸ. ಗಾಳಿ ಬೀಸಿದರೆ ಚದುರುತ್ತದೆ, ಕಿಡಿ ಒಂದು ಗಳಿಗೆ ಹಿಂದೆಮುಂದೆ ಆದರೆ ಕೆಟ್ಟಿತು. ಥರ್ಮೋಬ್ಯಾರಿಕ್ ಅದಕ್ಕಿಂತ ಜಾಣ. ಒಂದೇ ಸ್ಫೋಟದಲ್ಲಿ ಇಂಧನ ಚದುರುವುದೂ ಸುತ್ತಲಿನ ಗಾಳಿಯೊಂದಿಗೆ ಬೆರೆತು ಉರಿಯುವುದೂ ಬೆನ್ನುಬೆನ್ನಿಗೆ ಆಗಿಹೋಗುತ್ತವೆ. ಮಾಮೂಲಿ ಮದ್ದಿನ ಪೆಟ್ಟು ಚಾವಟಿಯ ಹಾಗೆ ಚುರುಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಇದರ ಒತ್ತಡ ಶಿಖರಕ್ಕೆ ಅಷ್ಟು ಏರುವುದಿಲ್ಲ, ಆದರೆ ಬೇಗ ಇಳಿಯುವುದೂ ಇಲ್ಲ. ಗೋಡೆಗೆ ಬಡಿದ ಅಲೆ ಮರಳಿ ಬರುತ್ತದೆ, ಬರುವಾಗ ಇನ್ನೂ ಉರಿಯದೆ ಉಳಿದ ಕಣಗಳನ್ನು ಕಲಕುತ್ತದೆ, ಅವೂ ಹೊತ್ತಿಕೊಳ್ಳುತ್ತವೆ. ಗುಂಡಿನ ಚೂರು ನೇರ ಹಾರೀತು, ಮೂಲೆ ತಿರುಗಲಾರದು. ಒತ್ತಡದ ಅಲೆ ತಿರುಗುತ್ತದೆ! ಕಂಬದ ಹಿಂದೆ, ಕವಲು ಸುರಂಗದೊಳಗೆ, ಮೆಟ್ಟಿಲ ಕೆಳಗೆ. ಬಂಕರ್ ಕಟ್ಟುವುದೇ ಗಟ್ಟಿ ಗೋಡೆ ಕಾಪಾಡಲಿ ಎಂದು. ಇಲ್ಲಿ ಆ ಗಟ್ಟಿ ಗೋಡೆಯೇ ಒತ್ತಡವನ್ನು ಕೂಡಿಹಾಕಿ ಒಳಗಿದ್ದವನ ಕಿವಿಗೂ ಶ್ವಾಸಕೋಶಕ್ಕೂ ತಂದು ಅಪ್ಪಳಿಸುತ್ತದೆ.

ಇನ್ನು ಹೆಗಲಿನ ವಿಷಯ. ಹೆಗಲ ಮೇಲೆ ಫಿರಂಗಿ ಇಟ್ಟು ಹೊಡೆದರೆ ಮೂಳೆ ಉಳಿದೀತೇ? ಉಳಿಯುತ್ತದೆ, ನಳಿಗೆಯ ಹಿಂಬದಿಯೂ ತೆರೆದಿದ್ದರೆ! 1940ರ ದಶಕದಲ್ಲಿ ಸ್ವೀಡನ್ನಿನವರು ಮಾಡಿದ ಕಾರ್ಲ್ ಗುಸ್ತಾಫ್‌ನ ಚಮತ್ಕಾರ ಇದು. 84 ಮಿಲಿಮೀಟರ್ ಬಾಯಿ. ಗುಂಡು ಮುಂದಕ್ಕೆ ಚಿಮ್ಮುವ ಅದೇ ಗಳಿಗೆಗೆ ಉರಿದ ಅನಿಲ ಹಿಂದಿನ ಕೊಂಬಿನಂಥ ಬಾಯಿಂದ ಭರ್ರನೆ ಹೊರನುಗ್ಗುತ್ತದೆ. ಎರಡರ ತಳ್ಳುವಿಕೆ ಸರಿಸಮ, ಹೆಗಲಿಗೆ ಹಿನ್ನೊದೆತವೇ ಇಲ್ಲ. ಹಿಂದೆ ನಿಂತವನ ಪಾಡು ಮಾತ್ರ ಕೇಳಬೇಡಿ; ಹತ್ತಾರು ಮೀಟರ್ ಯಾರೂ ಸುಳಿಯಕೂಡದು. ಭಾರತ ಇದನ್ನು 1976ರಲ್ಲಿ ಒಪ್ಪಿಕೊಂಡಿತು, ಆಮೇಲೆ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳಲ್ಲೇ ತಯಾರಾಯಿತು. ನಮ್ಮ ಪಲ್ಟನ್‌ಗಳಲ್ಲಿ ಇದನ್ನು ಕಾರ್ಲ್ ಗುಸ್ತಾಫ್ ಎನ್ನುವವರು ಕಡಿಮೆ. “ಆರ್‌ಎಲ್” ಎನ್ನುತ್ತಾರೆ, ರಾಕೆಟ್ ಲಾಂಚರ್. ನಿಜಕ್ಕೂ ಇದು ರಾಕೆಟ್ ಲಾಂಚರ್ ಅಲ್ಲ, ಹಿನ್ನೊದೆತವಿಲ್ಲದ ತೋಪು. ಆದರೆ ಹೊರುವವನು ಇಟ್ಟ ಹೆಸರೇ ಹೆಸರು. ಹಳೆಯ ಎರಡನೇ ಮಾದರಿ 14 ಕಿಲೋ ಮೀರಿ ತೂಗುತ್ತಿತ್ತು. 2014ರಲ್ಲಿ ಬಂದ ನಾಲ್ಕನೆಯದು 7 ಕಿಲೋದ ಒಳಗೆ! ಇದನ್ನು ತಯಾರಿಸಲು ಸ್ವೀಡನ್ನಿನ ಸಾಬ್ ಕಂಪನಿ ಹರಿಯಾಣದ ಝಜ್ಜರ್‌ನಲ್ಲಿ ತನ್ನದೇ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದು 2024ರಲ್ಲಿ.

1999ರ ಮೇ 30, ಕಾರ್ಗಿಲ್ ಯುದ್ಧದ ತೋಲೋಲಿಂಗ್ ಬೆಟ್ಟ. 18ನೇ ಗ್ರೆನೇಡಿಯರ್ಸ್‌ನ ಮೇಜರ್ ರಾಜೇಶ್ ಸಿಂಗ್ ಅಧಿಕಾರಿ ಹಿಮದ ಇಳಿಜಾರಿನಲ್ಲಿ ಕಂಪನಿ ಮುನ್ನಡೆಸುತ್ತಿದ್ದಾಗ ಒಂದಕ್ಕೊಂದು ಆಸರೆಯಾಗಿದ್ದ ಎರಡು ಬಂಕರ್‌ಗಳಿಂದ ಗುಂಡಿನ ಸುರಿಮಳೆ. ಅವರು ಮೊದಲು ಕೊಟ್ಟ ಆದೇಶ ರಾಕೆಟ್ ಲಾಂಚರ್ ತಂಡಕ್ಕೆ: ಬಂಕರ್‌ಗೆ ಹೊಡೆಯಿರಿ. ಆಮೇಲೆ ಕಾಯದೆ ತಾವೇ ಬಂಕರಿನೊಳಗೆ ನುಗ್ಗಿದರು. ಮರಣೋತ್ತರ ಮಹಾವೀರ ಚಕ್ರ ಬಂತು. ಆ ಬೆಟ್ಟದಲ್ಲಿ ಬಳಸಿದ್ದು ಮಾಮೂಲಿ ಮದ್ದಿನ ಗುಂಡುಗಳನ್ನು. ಕಲ್ಲು ಪೇರಿಸಿದ ಬಂಕರ್ ಒಂದು ಪದಾತಿ ಕಂಪನಿಯನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದು ಅರಿವಾದಾಗಲೇ, ಜಗತ್ತಿನ ಸೈನ್ಯಗಳು ಹೆಗಲಿನ ಥರ್ಮೋಬ್ಯಾರಿಕ್ ಹಿಂದೆ ಯಾಕೆ ಬಿದ್ದವು ಎಂಬುದೂ ತಿಳಿಯುತ್ತದೆ.

ಅದರಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಸೋವಿಯತ್ತರು. 1980ರ ದಶಕದ ಕೊನೆಗೆ ಅವರ ಸೇನೆ ಸೇರಿದ ಆರ್‌ಪಿಒ-ಎ ಷ್ಮೆಲ್ 93 ಮಿಲಿಮೀಟರಿನ ಕೊಳವೆ, ಒಟ್ಟು 11 ಕಿಲೋ. ಒಳಗಿನ ಮಿಶ್ರಣ 2 ಕಿಲೋಗೆ ಚೂರು ಮೇಲೆ. ಅಷ್ಟೇ! ಎರಡು ಚಿಲ್ಲರೆ ಕಿಲೋ ಹಿಡಿದು 122 ಮಿಲಿಮೀಟರ್ ಹೊವಿಟ್ಜರ್ ಶೆಲ್ಲಿನ ಕೆಲಸ ಮಾಡುತ್ತೇವೆ ಎಂಬುದು ರಷ್ಯನ್ನರ ಹೆಮ್ಮೆಯ ಮಾತು. ಹೊವಿಟ್ಜರ್ ಎಳೆಯಲು ಲಾರಿ ಬೇಕು, ಇದಕ್ಕೆ ಒಬ್ಬ ಆಳು ಸಾಕು. ಬಾಕಿ ಮದ್ದು ಗಾಳಿಯಲ್ಲೇ ಇದೆಯಲ್ಲ! ಮಜಾ ಎಂದರೆ ಅವರ ಕಡತದಲ್ಲಿ ಇದು ಬೆಂಕಿ ಉಗುಳುವ ಯಂತ್ರ. ಹೊತ್ತವರು ಪದಾತಿದಳದವರಲ್ಲ, ರಾಸಾಯನಿಕ ದಳದವರು. ಅಮೆರಿಕದ ಮರೀನ್‌ಗಳು 2004ರ ನವೆಂಬರಿನಲ್ಲಿ ಇರಾಕಿನ ಫಲ್ಲೂಜಾದ ಮನೆಮನೆಯ ಕಾಳಗಕ್ಕೆ ತಮ್ಮ 83 ಮಿಲಿಮೀಟರ್ ಸ್ಮಾ ಲಾಂಚರ್‌ನಲ್ಲಿ ಇಂಥದೇ ಗುಂಡು ತುಂಬಿದರು.

ಇಲ್ಲಿಗೆ ಬಂದಾಗ ನನ್ನ ಬೆರಗಿಗೆ ಕಲ್ಲು ಬೀಳುತ್ತದೆ. 2004ರ ಸೆಪ್ಟೆಂಬರ್ ಮೊದಲ ವಾರ, ರಷ್ಯಾದ ಬೆಸ್ಲಾನ್. ಶಾಲೆ ಶುರುವಾಗುವ ದಿನವೇ ಉಗ್ರರು ಮಕ್ಕಳನ್ನೂ ಪೋಷಕರನ್ನೂ ಒತ್ತೆ ಹಿಡಿದರು. ಮೂರನೇ ದಿನ ಮುತ್ತಿಗೆ ರಕ್ತಪಾತದಲ್ಲಿ ಕೊನೆಗೊಂಡಿತು. 330ಕ್ಕೂ ಹೆಚ್ಚು ಸಾವು, ಅರ್ಧಕ್ಕೂ ಹೆಚ್ಚು ಮಕ್ಕಳು. ಒಳಗೆ ಒತ್ತೆಯಾಳುಗಳಿದ್ದಾಗಲೇ ಟ್ಯಾಂಕ್ ಫಿರಂಗಿಯ ಜೊತೆ ಥರ್ಮೋಬ್ಯಾರಿಕ್ ಕೊಳವೆಗಳನ್ನೂ ಬಳಸಿದ್ದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರ ಏಪ್ರಿಲ್‌ನ ತೀರ್ಪಿನಲ್ಲಿ ಖಂಡಿಸಿತು. ಈ ಆಯುಧವನ್ನೇ ಹೆಸರಿಸಿ ನಿಷೇಧಿಸಿದ ಅಂತರರಾಷ್ಟ್ರೀಯ ಒಪ್ಪಂದ ಇವತ್ತಿಗೂ ಇಲ್ಲ. ಎಲ್ಲಿ, ಯಾರ ಮೇಲೆ ಎಂಬುದಕ್ಕೆ ಯುದ್ಧದ ಸಾಮಾನ್ಯ ಕಾನೂನೇ ಕಟ್ಟುಪಾಡು. ಮೂಲೆ ತಿರುಗಿ ಹೋಗುವ ಅಲೆಗೆ ಮಗು ಯಾವುದು, ಬಂದೂಕು ಹಿಡಿದವ ಯಾರು ಎಂಬುದು ತಿಳಿಯದು. ಜನವಸತಿಯ ಕಟ್ಟಡಕ್ಕೆ ಇದನ್ನು ಹೊಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂದೇ ನನ್ನ ಅಭಿಪ್ರಾಯ. ವಿಜ್ಞಾನ ಚೆಂದವಾಗಿದೆ ಎಂದು ಬಳಕೆಯನ್ನೆಲ್ಲ ಒಪ್ಪಬೇಕಿಲ್ಲ.

ಮತ್ತೆ ಪುಣೆಗೆ ಬರೋಣ. ಈ ಊರಿಗೂ ಮದ್ದಿಗೂ ಹಳೆಯ ಸಂಬಂಧ. 1817ರ ನವೆಂಬರ್ 5ರಂದು ಖಡ್ಕಿಯ ಬಯಲಿನಲ್ಲಿ ಪೇಶ್ವೆಯ ಸೈನ್ಯ ಇಂಗ್ಲಿಷರಿಗೆ ಸೋತಿತು. ಎರಡನೇ ಬಾಜೀರಾವ್ ಅದನ್ನು ಪಾರ್ವತಿ ಗುಡ್ಡದ ಮೇಲಿಂದ ನೋಡುತ್ತಿದ್ದನಂತೆ. ಅದೇ ಖಡ್ಕಿಯಲ್ಲಿ 1869ರಲ್ಲಿ ಇಂಗ್ಲಿಷರು ಮದ್ದುಗುಂಡಿನ ಕಾರ್ಖಾನೆ ತೆರೆದರು; ಮರಾಠಿಗರ ಬಾಯಲ್ಲಿ ಅದು ದಾರೂಗೋಳಾ ಕಾರಖಾನಾ. 1940ರಲ್ಲಿ, ಮಹಾಯುದ್ಧದ ನಡುವೆ, ಪಕ್ಕದಲ್ಲೇ ಉಗ್ರ ಸ್ಫೋಟಕಗಳ ಕಾರ್ಖಾನೆ ಬಂತು. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು ಕಂಪನಿಗಳಾಗಿ ಒಡೆದಾಗ ಮದ್ದುಗುಂಡಿನ ಪಾಲು ವಹಿಸಿಕೊಂಡ ಮ್ಯೂನಿಷನ್ಸ್ ಇಂಡಿಯಾದ ಕೇಂದ್ರ ಕಚೇರಿಯೂ ಪುಣೆಗೇ ಬಂತು. ಎಚ್‌ಇಎಂಆರ್‌ಎಲ್‌ನ ವಂಶಾವಳಿ ಇನ್ನೂ ಸ್ವಾರಸ್ಯ. 1908ರಲ್ಲಿ ನೈನಿತಾಲಿನ ತಂಪಿನಲ್ಲಿ ಮದ್ದು ಪರೀಕ್ಷಿಸುವ ಒಂದು ಪುಟ್ಟ ರಾಸಾಯನಿಕ ಕಚೇರಿಯಾಗಿ ಕಣ್ಣು ಬಿಟ್ಟದ್ದು. 1960ರಲ್ಲಿ ಪುಣೆಯಲ್ಲಿ ಸ್ಫೋಟಕಗಳ ಪ್ರಯೋಗಾಲಯವಾಯಿತು, ಈಗಿನ ಹೆಸರು ಸಿಕ್ಕಿದ್ದು 1995ರಲ್ಲಿ.

ಈ ಎಚ್‌ಇಎಂಆರ್‌ಎಲ್ ಮತ್ತು ನೆರೆಯ ಎಆರ್‌ಡಿಇ ಕೈಜೋಡಿಸಿ ಭಾರತದ ಥರ್ಮೋಬ್ಯಾರಿಕ್ ಗುಂಡನ್ನು ಮಾಡಿದವು. ಹೆಗಲಿಗಲ್ಲ, ಅರ್ಜುನ್ ಟ್ಯಾಂಕಿನ 120 ಮಿಲಿಮೀಟರ್ ತೋಪಿಗೆ. 2016ರಲ್ಲಿ ಒಡಿಶಾದ ಚಾಂದೀಪುರದ ಕಡಲ ತಡಿಯಲ್ಲಿ ಗುಜರಿ ಸೇರಬೇಕಿದ್ದ ಹಳೆಯ ಟ್ಯಾಂಕೊಂದನ್ನು ಗುರಿಯಾಗಿ ನಿಲ್ಲಿಸಿ, ಒತ್ತಡ, ತಾಪ, ಆಘಾತ ಅಳೆಯುವ ಉಪಕರಣಗಳನ್ನೂ ಅತಿವೇಗದ ಕ್ಯಾಮೆರಾಗಳನ್ನೂ ಹೂಡಿ ಹೊಡೆದು ನೋಡಿದರು. ಪಾಷಾಣ್‌ನ ಎತ್ತರದ ಗೋಡೆಯಾಚೆಗಿನ ಲೆಕ್ಕಕ್ಕೆ ಒಡಿಶಾದ ಗಾಳಿ ಉತ್ತರ ಕೊಟ್ಟಿತು! 2024ರಲ್ಲಿ ಇದೇ ಮಹಾರಾಷ್ಟ್ರದ ನಾಗಪುರದ ಖಾಸಗಿ ಕಂಪನಿಯೊಂದರ ಸಿಟ್‌ಬೆಕ್ಸ್-1 ಎಂಬ ಥರ್ಮೋಬ್ಯಾರಿಕ್ ಸ್ಫೋಟಕಕ್ಕೆ ನೌಕಾಪಡೆಯ ಪ್ರಮಾಣಪತ್ರವೂ ಸಿಕ್ಕಿತು. ಬಿದನೂರಿನ ಬಾವಿಯಲ್ಲಿ ಸಿಕ್ಕ ಕೊಳವೆಗಳು ಸರಕಾರಿ ಖಜಾನೆಯ ಗುಟ್ಟಾಗಿದ್ದವು. ಈಗ ಆ ವಿದ್ಯೆ ಷೇರುಪೇಟೆಯ ಸುದ್ದಿ.

ಇಷ್ಟೆಲ್ಲ ಓದಿದ ಮೇಲೆ ನನ್ನ ತಲೆ ಕೊರೆಯುತ್ತಿರುವುದು ಎತ್ತರದ ಲೆಕ್ಕ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಚಾಂದೀಪುರ ಕಡಲಂಚಿನಲ್ಲಿ. ಆದರೆ ನಮ್ಮ ಸಿಪಾಯಿಗೆ ಬಂಕರ್ ಎದುರಾಗುವುದು ಎಲ್ಲಿ? ತೋಲೋಲಿಂಗ್‌ನ ಎತ್ತರದಲ್ಲಿ ಗಾಳಿಯ ಸಾಂದ್ರತೆ ಪುಣೆಯದರ ಮೂರರಲ್ಲಿ ಎರಡು ಪಾಲು. ಹತ್ತಡಿಯ ಆ ಕೋಣೆಯನ್ನು ಅಲ್ಲಿಗೆ ಸಾಗಿಸಿದರೆ 7 ಕಿಲೋ ಆಮ್ಲಜನಕ 5 ಕಿಲೋಗೂ ಕೆಳಗಿಳಿಯುತ್ತದೆ. ಸಿಯಾಚಿನ್‌ನ ಮೇಲಿನ ಠಾಣ್ಯಗಳಲ್ಲಿ ಇನ್ನೂ ಕಡಿಮೆ. ಆಮ್ಲಜನಕವನ್ನು ತನ್ನೊಡನೆಯೇ ಹೊತ್ತ ಬಿದನೂರಿನ ಕರಿಮದ್ದಿಗೆ ಈ ಚಿಂತೆ ಇರಲಿಲ್ಲ, ಟಿಎನ್‌ಟಿಗೂ ಅಷ್ಟಾಗಿ ಇಲ್ಲ. ಶತ್ರುವಿನ ಗಾಳಿಯನ್ನೇ ನೆಚ್ಚಿ ಹೊರಟ ಮದ್ದಿಗೆ ಮಾತ್ರ ಬೆಟ್ಟ ಹತ್ತಿದಷ್ಟೂ ಸಾಲ ಸಿಗುವುದು ಕಷ್ಟ. ಹಿಮಾಲಯಕ್ಕಾಗಿ ಇಂಥ ಗುಂಡು ಮಾಡುವವರು ಇಂಧನಕ್ಕೆ ಎಷ್ಟು ಆಮ್ಲಜನಕವನ್ನು ಜೊತೆಗೇ ಕಟ್ಟಿಕೊಡಬೇಕು, ಎಷ್ಟನ್ನು ಅಲ್ಲಿನ ತೆಳುಗಾಳಿಗೆ ಬಿಡಬೇಕು ಎಂದು ಹೊಸದಾಗಿ ತೂಗಿ ನೋಡಲೇಬೇಕು.